ಅಪಾಯದಲ್ಲಿರುವ ಎರಡು ಪೊಟಮೋಗೆಟನ್‌ಗಳನ್ನು ಹೋಲಿಸುವುದು ಹೇಗೆ: ಎಲೆಯ ಅಗಲ ಕೊನೆಗಿರಲಿ

ಪೊಟಮೋಗೆಟನ್ ಕಂಪ್ರೆಸಸ್ ಮತ್ತು ಪೊಟಮೋಗೆಟನ್ ಅಕ್ಯುಟಿಫೋಲಿಯಸ್. ಈ ಎರಡು ಸಿಹಿನೀರಿನ ಗಿಡಗಳ ಹೋಲಿಕೆಯನ್ನು ಪ್ರಾಜೆಕ್ಟಿಗೆ ತೆಗೆದುಕೊಂಡವರ ವರದಿಗಳು ಹೆಚ್ಚುಕಡಿಮೆ ಒಂದೇ ಕಡೆ ಎಡವುತ್ತವೆ. ಮೊದಲ ಪುಟದಲ್ಲಿ ಎಲೆಯ ಅಗಲದ ಕೋಷ್ಟಕ, ಎರಡನೆಯದರಲ್ಲಿ ಸರಾಸರಿ, ಮೂರನೆಯದರಲ್ಲಿ "ಎರಡೂ ಪ್ರಭೇದಗಳು ಬಹುತೇಕ ಒಂದೇ ತೆರನಾಗಿವೆ" ಎಂಬ ತೀರ್ಮಾನ. ಅಗಲದಿಂದ ಶುರು ಮಾಡಿದರೆ ಬೇರೆ ತೀರ್ಮಾನ ಬರುವ ಹಾಗೇ ಇಲ್ಲ. ಅಕ್ಯುಟಿಫೋಲಿಯಸ್‌ನ ಎಲೆ 1.5ರಿಂದ 5.5 ಮಿ.ಮೀ. ಅಗಲ, ಕಂಪ್ರೆಸಸ್‌ನದು 3ರಿಂದ 6 ಮಿ.ಮೀ. ಎರಡರ ಅಳತೆಯೂ ಒಂದರ ಮೇಲೊಂದು ಬೀಳುತ್ತದೆ.

ಎರಡೂ ಯುರೋಪಿನ ಕಡೆಯ ಗಿಡಗಳು. ನಮ್ಮ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳಲ್ಲಿ ಇವು ಸಿಗುವುದಿಲ್ಲ. ಹಾಗಾಗಿ ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಕೂತು ಮಾಡುವ ಹೋಲಿಕೆ ನಡೆಯುವುದು ಆನ್‌ಲೈನ್ ಹರ್ಬೇರಿಯಂ ಹಾಳೆಗಳ (ಗಿಡವನ್ನು ಒತ್ತಿ ಒಣಗಿಸಿ ಅಂಟಿಸಿದ ಹಾಳೆಗಳ) ಚಿತ್ರಗಳ ಮೇಲೆ. ಕಷ್ಟವೂ ಅಲ್ಲೇ ಇದೆ. ಹಸಿ ಗಿಡವನ್ನು ಒಮ್ಮೆಯೂ ಕೈಯಲ್ಲಿ ಹಿಡಿದು ನೋಡದವರು ಒಣಗಿ ಚಪ್ಪಟೆಯಾದ ಗಿಡದ ಚಿತ್ರ ಓದಲು ಹೊರಟರೆ ಕಣ್ಣು ಮೋಸ ಹೋಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮೊದಲ ಹಂತ ನಮ್ಮ ಊರ ನೀರಿನಲ್ಲಿ, ಇದೇ ಬಳಗದ ಸಾಮಾನ್ಯ ಗಿಡಗಳ ಮೇಲೆ. ಆ ಹಂತ ಬಿಟ್ಟು ನೇರವಾಗಿ ಕಂಪ್ಯೂಟರ್ ಮುಂದೆ ಕೂರಬೇಡಿ.

## ಬೇಕಾಗುವ ಸಾಮಾನು

10 ಪಟ್ಟು ದೊಡ್ಡದು ಮಾಡುವ ಕೈಮಸೂರ (20 ಪಟ್ಟಿನದಿದ್ದರೆ ಇನ್ನೂ ಒಳ್ಳೆಯದು), ಅರ್ಧ ಮಿ.ಮೀ. ಗೆರೆಯಿರುವ ಸ್ಟೀಲ್ ಸ್ಕೇಲು, ಬಿಳಿ ತಟ್ಟೆ, ಕತ್ತರಿ, ಹೊಸ ಶೇವಿಂಗ್ ಬ್ಲೇಡು, ಸ್ಲೈಡು, ಕವರ್‌ಸ್ಲಿಪ್. ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕ ಸಾಕು. 40 ಮತ್ತು 100 ಪಟ್ಟಿನಲ್ಲಿ ನೋಡುವುದಕ್ಕಿಂತ ಹೆಚ್ಚಿನದು ಬೇಕಿಲ್ಲ.

ನೀರಿನಿಂದ ಗಿಡ ಎಳೆಯಲು ಪಾತಾಳಗರಡಿಯಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ. ಬಾವಿಗೆ ಬಿದ್ದ ಕೊಡ ಎತ್ತುವ ಆ ಕೊಕ್ಕೆಗಳ ಗೊಂಚಲು ಹಳ್ಳಿಯ ಎಷ್ಟೋ ಮನೆಗಳ ಅಟ್ಟದಲ್ಲಿ ಇನ್ನೂ ಇದೆ. ಅದಕ್ಕೆ ಎಂಟು ಹತ್ತು ಮೀಟರ್ ನೈಲಾನ್ ಹಗ್ಗ ಕಟ್ಟಿದರೆ ದಡದ ಮೇಲೆ ನಿಂತೇ ಕೆಲಸ ಮುಗಿಯುತ್ತದೆ.

ಒತ್ತಿ ಒಣಗಿಸಲು ಹಳೆಯ ದಿನಪತ್ರಿಕೆ, ಎರಡು ಪ್ಲೈವುಡ್ ಹಲಗೆ, ಕಟ್ಟಲು ಪಟ್ಟಿ ಅಥವಾ ಹಗ್ಗ, ತೆಳು ನೈಲಾನ್ ಬಟ್ಟೆ. ಕಂಪ್ಯೂಟರಿನಲ್ಲಿ ಅಳೆಯಲು ಇಮೇಜ್‌ಜೆ ಎಂಬ ಉಚಿತ ತಂತ್ರಾಂಶ. ಮೊಬೈಲಿನಲ್ಲಿ ಹಾಳೆ ದೊಡ್ಡದು ಮಾಡಿ ಬೆರಳಿಂದ ಅಂದಾಜು ಮಾಡುವುದು ಅಳತೆಯಲ್ಲ.

## ಹಂತ 1: ಊರ ನೀರಿನಲ್ಲಿ ಕೈ ಪಳಗಿಸಿ

ಅಭ್ಯಾಸಕ್ಕೆ ಎರಡು ಗಿಡ ಬೇಕು: ಪೊಟಮೋಗೆಟನ್ ನೋಡೋಸಸ್ ಮತ್ತು ಸ್ಟುಕೇನಿಯಾ ಪೆಕ್ಟಿನೇಟಾ. ಎರಡನೆಯದನ್ನು ಹಳೆಯ ಪುಸ್ತಕಗಳು ಪೊಟಮೋಗೆಟನ್ ಪೆಕ್ಟಿನೇಟಸ್ ಎಂದೇ ಕರೆಯುತ್ತವೆ. ಎರಡಕ್ಕೂ ಅಳಿವಿನ ಅಪಾಯವಿಲ್ಲ. ದಖನ್ ಕಡೆಯ ಕೆರೆ, ಕಾಲುವೆ, ನಿಧಾನ ಹರಿಯುವ ಹೊಳೆಗಳಲ್ಲಿ ಇವುಗಳನ್ನು ಹುಡುಕಿ. ನೋಡೋಸಸ್‌ಗೆ ನೀರಿನ ಮೇಲೆ ತೇಲುವ, ಉದ್ದ ತೊಟ್ಟಿನ, ದಪ್ಪನೆಯ ಅಂಡಾಕಾರದ ಎಲೆ. ನೀರೊಳಗೆ ಉದ್ದನೆಯ ಪಾರದರ್ಶಕ ಎಲೆ. ಸ್ಟುಕೇನಿಯಾದ ಎಲೆ ದಾರದಂತೆ ತೆಳ್ಳಗೆ, 1–2 ಮಿ.ಮೀ. ಮೀರುವುದು ಕಡಿಮೆ.

ಹೋಗಬೇಕಾದ ಕಾಲ ನವೆಂಬರಿನಿಂದ ಜನವರಿ. ಮಳೆಗಾಲದ ಕೆಂಪು ನೀರಿನಲ್ಲಿ ಒಳಗಿನದೇನೂ ಕಾಣುವುದಿಲ್ಲ. ಬೇಸಿಗೆಯಲ್ಲಿ ನವಿಲುತೀರ್ಥ, ಹಿಡಕಲ್, ಆಲಮಟ್ಟಿ ಜಲಾಶಯಗಳ ಹಿನ್ನೀರು ಹಿಂದೆ ಸರಿದು, ಅಂಚಿನ ಗಿಡಗಳೆಲ್ಲ ಕೆಸರಿನ ಮೇಲೆ ಒಣಗಿ ಪುಡಿಯಾಗಿರುತ್ತವೆ.

ಎರಡು ಎಚ್ಚರಿಕೆ. ಕೃಷ್ಣಾ ತೀರದಲ್ಲಿ ಮೊಸಳೆಗಳಿವೆ. ಹಿನ್ನೀರಿನ ಅಂಚಿನ ಎರೆ ಕೆಸರು ಮೇಲೆ ಒಣಗಿದಂತೆ ಕಂಡರೂ ಮೊಣಕಾಲವರೆಗೆ ಎಳೆದುಕೊಳ್ಳುತ್ತದೆ. ನೀರಿಗಿಳಿಯಲೇಬೇಡಿ; ಪಾತಾಳಗರಡಿ ಇರುವುದೇ ಅದಕ್ಕೆ. ಇನ್ನು, ಘಟಪ್ರಭಾ ಪಕ್ಷಿಧಾಮದ ಗಡಿಯೊಳಗೆ ಒಂದು ಎಲೆಯನ್ನೂ ಕೀಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದ ಗಿಡಕ್ಕೂ ಅನುಮತಿ ಬೇಕು. ಊರ ಕೆರೆಯಾದರೆ ಪಂಚಾಯಿತಿಯವರಿಗೂ ಮೀನಿನ ಗುತ್ತಿಗೆದಾರರಿಗೂ ಒಂದು ಮಾತು ಹೇಳಿ ಹೋಗಿ. ಬಲೆ ಹಾಕಿದ ಕಡೆ ಗರಡಿ ಎಸೆದರೆ ಜಗಳ ಖಂಡಿತ.

ಸಿಕ್ಕ ಗಿಡದ ತುದಿಯಿಂದ 25–30 ಸೆಂ.ಮೀ. ಮಾತ್ರ ಕತ್ತರಿಸಿಕೊಳ್ಳಿ. ಬೇರು ಕೀಳುವ ಅಗತ್ಯವಿಲ್ಲ. ತೆನೆ ಅಥವಾ ಕಾಯಿ ಇರುವ ಕುಡಿಯೇ ಬೇಕು. ಅದಿಲ್ಲದ ಹತ್ತು ಕುಡಿಗಿಂತ ಅದಿರುವ ಒಂದೇ ಲೇಸು. ಹೊರಡುವ ಮುನ್ನ ಗರಡಿ, ಹಗ್ಗಗಳನ್ನು ತೊಳೆದು, ಅಂಟಿದ ತುಣುಕು ತೆಗೆದು, ಎರಡು ದಿನ ಬಿಸಿಲಿಗೆ ಒಣಗಿಸಿದ ಮೇಲೆಯೇ ಬೇರೆ ಕೆರೆಗೆ ಒಯ್ಯಿರಿ. ಹಗ್ಗದ ಹುರಿಯಲ್ಲಿ ಸಿಕ್ಕ ಒಂದು ತುಣುಕಿನಿಂದ ಹೊಸ ಕೆರೆಗೆ ಕಳೆ ಹಬ್ಬಿಸಿದ ಪಾಪ ಬೇಡ.

ಮೊದಲು ಗುಂಪು ಸರಿಯಿದೆಯೇ ನೋಡಿ. ಗಿಣ್ಣಿನ ಸುತ್ತ ನಾಲ್ಕೈದು ಎಲೆ ಸುತ್ತಿಕೊಂಡಿದ್ದರೆ ಅದು ಹೈಡ್ರಿಲ್ಲಾ. ಸುತ್ತಿಕೊಂಡ ಎಲೆಗಳು ಕವಲೊಡೆದಿದ್ದರೆ ಸೆರಟೋಫಿಲಮ್. ಎಲೆಗಳೆಲ್ಲ ಬುಡದಿಂದಲೇ ಪಟ್ಟಿ ಪಟ್ಟಿಯಾಗಿ ಎದ್ದರೆ ವ್ಯಾಲಿಸ್ನೇರಿಯಾ. ಪೊಟಮೋಗೆಟನ್‌ನಲ್ಲಿ ಗಿಣ್ಣಿಗೊಂದು ಎಲೆ, ಪರ್ಯಾಯವಾಗಿ; ತೆನೆಯ ಬುಡದಲ್ಲಿ ಮಾತ್ರ ಎರಡು ಎದುರುಬದುರು ಬರಬಹುದು. ಜತೆಗೆ ಪ್ರತಿ ಎಲೆಯ ಬುಡದಲ್ಲಿ ತೆಳು ಪೊರೆಯಂಥ ಸ್ಟಿಪ್ಯೂಲ್.

ನಮ್ಮ ಕಡೆಯ ಗಡಸು ನೀರಿನಲ್ಲಿ ಬೆಳೆದ ಎಲೆಯ ಮೇಲೆ ಬಿಳಿ ಸುಣ್ಣದ ಪದರ ಕೂತಿರುತ್ತದೆ. ಬೆರಳಿಂದ ಉಜ್ಜಿದರೆ ಎಲೆಯೇ ಹರಿಯುತ್ತದೆ. ಅಡುಗೆಯ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಒಂದೆರಡು ನಿಮಿಷ ಅದ್ದಿ. ಸಣ್ಣ ಸಣ್ಣ ಗುಳ್ಳೆಗಳು ಎಲೆಯ ಮೈಯಿಂದ ಎದ್ದು ಸಾಲಾಗಿ ಮೇಲೇರುತ್ತವೆ. ಗುಳ್ಳೆ ನಿಂತೊಡನೆ ತೆಗೆದು ಶುದ್ಧ ನೀರಿನಲ್ಲಿ ತೊಳೆಯಿರಿ. ಹೆಚ್ಚು ಹೊತ್ತು ಬಿಟ್ಟರೆ ಎಲೆ ಕಂದಾಗಿ ಮೆತ್ತಗಾಗುತ್ತದೆ.

ಈಗ ಮಾಡಬೇಕಾದ ಅಭ್ಯಾಸ ನಾಲ್ಕು. ಮುಂದಿನ ಎಲ್ಲ ಹಂತಗಳೂ ಇವುಗಳ ಮೇಲೆ ನಿಂತಿವೆ.

ಒಂದು: ನೋಡೋಸಸ್‌ನ ಕಾಂಡವನ್ನು ಬ್ಲೇಡಿನಿಂದ ಅಡ್ಡ ಕೊಯ್ದು ನೋಡಿ, ದುಂಡಗಿದೆ. ಅದೇ ಕಾಂಡದ ಇನ್ನೊಂದು ತುಂಡನ್ನು ಪತ್ರಿಕೆಯ ನಡುವೆ ಒತ್ತಿ ಒಣಗಿಸಿ. ಅದು ಚಪ್ಪಟೆಯಾಗಿರುತ್ತದೆ. ಹರ್ಬೇರಿಯಂ ಹಾಳೆಯ ಮೇಲೆ ಪ್ರತಿಯೊಂದು ಕಾಂಡವೂ ಚಪ್ಪಟೆ ಕಾಣುವುದು ಇದೇ ಕಾರಣಕ್ಕೆ.

ಎರಡು: ಒಂದು ಎಲೆಗೆ ದಾರ ಕಟ್ಟಿ ಗುರುತು ಮಾಡಿ, ಹಸಿಯಾಗಿದ್ದಾಗ ಒಮ್ಮೆ, ಒಣಗಿದ ಮೇಲೆ ಒಮ್ಮೆ ಅಳೆಯಿರಿ. ಒಣಗಿದಾಗ ಅಗಲ ಕುಗ್ಗಿರುತ್ತದೆ. ಒಣ ಹಾಳೆಯ ಅಳತೆಯನ್ನು ಹಸಿ ಗಿಡದ ಅಳತೆಯೊಂದಿಗೆ ಒಂದೇ ಕೋಷ್ಟಕದಲ್ಲಿ ಬೆರೆಸಬಾರದು ಎಂಬುದು ಆಗ ಯಾರೂ ಹೇಳದೆಯೇ ತಿಳಿಯುತ್ತದೆ.

ಮೂರು: ಸ್ಟುಕೇನಿಯಾದ ಒಂದು ಎಲೆಯನ್ನು ಮೆಲ್ಲಗೆ ಕೆಳಗೆ ಎಳೆಯಿರಿ. ಸ್ಟಿಪ್ಯೂಲ್ ಎಲೆಯ ಬುಡಕ್ಕೆ ಬೆಸೆದು ಕಾಂಡವನ್ನು ಸುತ್ತಿಕೊಂಡಿರುವುದರಿಂದ ಎಲೆಯ ಜತೆಗೇ ಬರುತ್ತದೆ. ನೋಡೋಸಸ್‌ನಲ್ಲಿ ಹಾಗಾಗದು, ಅಲ್ಲಿ ಸ್ಟಿಪ್ಯೂಲ್ ಎಲೆಯಿಂದ ಬಿಡಿಯಾಗಿದೆ.

ನಾಲ್ಕು: ನೋಡೋಸಸ್‌ನ ನೀರೊಳಗಿನ ಎಲೆಯ ತುಂಡನ್ನು ಸ್ಲೈಡಿನ ಮೇಲೆ ನೀರಿನ ಹನಿಯಲ್ಲಿಟ್ಟು 40 ಪಟ್ಟಿನಲ್ಲಿ ನೋಡಿ. ಉದ್ದಕ್ಕೆ ಓಡುವ ನಾಳಗಳನ್ನು ಅಡ್ಡ ನಾಳಗಳು ಏಣಿಯ ಮೆಟ್ಟಿಲಿನಂತೆ ಜೋಡಿಸಿರುತ್ತವೆ. ಈ ಚಿತ್ರ ಮನಸ್ಸಿನಲ್ಲಿ ಕೂರಲಿ. ಹಂತ 6ರಲ್ಲಿ ಎಲ್ಲರೂ ಬೀಳುವ ಗುಂಡಿಯಿಂದ ಇದೊಂದೇ ಮೇಲೆತ್ತುತ್ತದೆ.

ಒಣಗಿಸುವ ಕ್ರಮ ಚಿಕ್ಕದು. ಈ ಗಿಡಗಳನ್ನು ನೀರಿನಿಂದ ತೆಗೆದು ನೇರ ಕಾಗದದ ಮೇಲಿಟ್ಟರೆ ಮುದ್ದೆಯಾಗುತ್ತವೆ. ತಟ್ಟೆಯ ನೀರಿನಲ್ಲಿ ತೇಲಬಿಟ್ಟು, ಕೆಳಗಿನಿಂದ ದಪ್ಪ ಹಾಳೆ ತೂರಿಸಿ, ಎಲೆಗಳನ್ನು ಕುಂಚದಿಂದ ಬಿಡಿಸಿ, ಹಾಳೆಯನ್ನು ಓರೆಯಾಗಿ ಮೇಲೆತ್ತಿ ನೀರು ಇಳಿಸಿ. ಮೇಲೆ ನೈಲಾನ್ ಬಟ್ಟೆ ಹೊದಿಸಿ ಆಮೇಲೆ ಪತ್ರಿಕೆ. ಬಟ್ಟೆ ಮರೆತರೆ ಗಿಡ ಪತ್ರಿಕೆಗೇ ಅಂಟುತ್ತದೆ. ಮೊದಲ ನಾಲ್ಕು ದಿನ ದಿನಕ್ಕೊಮ್ಮೆ ಪತ್ರಿಕೆ ಬದಲಿಸದಿದ್ದರೆ ಬೂಸು ಹಿಡಿಯುತ್ತದೆ.

## ಹಂತ 2: ಹಾಳೆಗಳನ್ನು ಆರಿಸಿ

ಜಗತ್ತಿನ ಜೀವಿಗಳ ದಾಖಲೆಗಳನ್ನು ಒಂದೆಡೆ ಕೂಡಿಸಿಟ್ಟ ಜಿಬಿಐಎಫ್ ಜಾಲತಾಣದಲ್ಲಿ ಪ್ರಭೇದದ ಹೆಸರು ಹಾಕಿ, ದಾಖಲೆಯ ಬಗೆಯಲ್ಲಿ 'ಪ್ರಿಸರ್ವ್ಡ್ ಸ್ಪೆಸಿಮನ್' ಆರಿಸಿ, ಚಿತ್ರವಿರುವ ದಾಖಲೆಗಳನ್ನಷ್ಟೇ ಉಳಿಸಿಕೊಳ್ಳಿ. ಪ್ರತಿ ಪ್ರಭೇದಕ್ಕೆ ಕನಿಷ್ಠ ಆರು ಹಾಳೆ ಬೇಕು, ಅವು ಆರು ಬೇರೆ ಜಾಗದವಾಗಿರಬೇಕು. ಒಂದೇ ಕಾಲುವೆಯಿಂದ ಒಂದೇ ದಿನ ಕಿತ್ತು ಆರು ಸಂಸ್ಥೆಗಳಿಗೆ ಹಂಚಿದ ತುಂಡುಗಳನ್ನು ಆರು ಮಾದರಿ ಎಂದು ಲೆಕ್ಕ ಹಾಕುವ ತಪ್ಪು ಆಗಾಗ ಕಾಣುತ್ತದೆ. ಸಂಗ್ರಹಕಾರರ ಹೆಸರು, ದಿನಾಂಕ, ಸ್ಥಳ ಮೂರೂ ಒಂದೇ ಆಗಿದ್ದರೆ ಅವು ನಕಲು ಪ್ರತಿಗಳು, ಒಂದನ್ನೇ ಇಟ್ಟುಕೊಳ್ಳಿ.

ಆರರಲ್ಲಿ ಮೂರರಲ್ಲಾದರೂ ಕಾಯಿ ಇರಬೇಕು. ಬರೀ ಎಲೆಯಿರುವ ಹಾಳೆಗಳಿಂದ ಹೋಲಿಕೆ ಪೂರ್ಣವಾಗದು.

ಹೆಸರಿನ ಗೊಂದಲ ಇಲ್ಲೇ ಬಗೆಹರಿಸಿಕೊಳ್ಳಿ. ಹಳೆಯ ಹಾಳೆಗಳ ಮೇಲೆ 'ಪೊಟಮೋಗೆಟನ್ ಜೋಸ್ಟೆರಿಫೋಲಿಯಸ್' ಎಂದಿದ್ದರೆ ಅದು ಕಂಪ್ರೆಸಸ್‌ಗೇ ಇದ್ದ ಇನ್ನೊಂದು ಹೆಸರು. 'ಜೋಸ್ಟೆರಿಫಾರ್ಮಿಸ್' ಎಂದಿದ್ದರೆ ಅದು ಉತ್ತರ ಅಮೆರಿಕದ ಬೇರೆಯೇ ಪ್ರಭೇದ, ನೋಡಲು ಕಂಪ್ರೆಸಸ್‌ನಂತೆಯೇ. ಹಿಂದೆ ಅಮೆರಿಕದ ಗಿಡಗಳಿಗೂ ಕಂಪ್ರೆಸಸ್ ಹೆಸರು ಅಂಟಿಸಿದ್ದುಂಟು, ಆದ್ದರಿಂದ ಖಂಡದ ಆಯ್ಕೆಯಲ್ಲಿ ಯುರೋಪ್ ಮಾತ್ರ ಇರಲಿ. ಹಾಳೆಯ ಮೂಲ ಚೀಟಿಯ ಪಕ್ಕದಲ್ಲಿ ನಂತರದ ತಜ್ಞರು ಅಂಟಿಸಿದ ಸಣ್ಣ ಚೀಟಿಗಳಿರುತ್ತವೆ. ಅವುಗಳಲ್ಲಿ ಕೊನೆಯ ದಿನಾಂಕದ್ದನ್ನು ಓದಿ. ಮೂಲ ಚೀಟಿಗೂ ಕೊನೆಯ ಚೀಟಿಗೂ ಹೆಸರು ತಾಳೆಯಾಗದಿದ್ದರೆ ಆ ಹಾಳೆಯನ್ನು ಬಿಸಾಡಬೇಡಿ, ಪಕ್ಕಕ್ಕಿಡಿ. ಕೊನೆಯಲ್ಲಿ ನಿಮ್ಮ ಕಣ್ಣಿನ ಪರೀಕ್ಷೆಗೆ ಅಂಥ ಹಾಳೆಗಿಂತ ಒಳ್ಳೆಯದು ಸಿಗದು.

## ಹಂತ 3: ಅಳತೆಪಟ್ಟಿಗೆ ಹೊಂದಿಸಿ

ಚಿತ್ರವನ್ನು ಪೂರ್ಣ ಗಾತ್ರದಲ್ಲಿ ಇಳಿಸಿಕೊಳ್ಳಿ. ಹುಡುಕಾಟದ ಪುಟದಲ್ಲಿ ಕಾಣುವ ಚಿಕ್ಕ ಚಿತ್ರದಲ್ಲಿ 3 ಮಿ.ಮೀ. ಎಲೆ ನಾಲ್ಕೈದು ಚುಕ್ಕೆಯಷ್ಟೇ ಇರುತ್ತದೆ, ಅಲ್ಲಿ ಅಳತೆಗೆ ಅರ್ಥವಿಲ್ಲ.

ಇಮೇಜ್‌ಜೆಯಲ್ಲಿ ತೆರೆದು, ನೇರ ಗೆರೆಯ ಉಪಕರಣದಿಂದ ಹಾಳೆಯ ಮೇಲಿನ ಅಳತೆಪಟ್ಟಿಯ ಉದ್ದಕ್ಕೆ ಗೆರೆ ಎಳೆಯಿರಿ. 10 ಮಿ.ಮೀ.ಗಿಂತ 50 ಮಿ.ಮೀ. ತೆಗೆದುಕೊಂಡರೆ ಕೈ ನಡುಗಿದ ತಪ್ಪು ಕಡಿಮೆಯಾಗುತ್ತದೆ. ಆಮೇಲೆ 'ಅನಲೈಜ್' ಪಟ್ಟಿಯಲ್ಲಿ 'ಸೆಟ್ ಸ್ಕೇಲ್'ಗೆ ಹೋಗಿ ಗೊತ್ತಿರುವ ದೂರ, ಮಾನ ಎರಡನ್ನೂ ತುಂಬಿ. ಅಲ್ಲೇ ಕೆಳಗೆ 'ಗ್ಲೋಬಲ್' ಎಂಬ ಚೌಕವಿದೆ. ಅದಕ್ಕೆ ಟಿಕ್ ಹಾಕಬೇಡಿ. ಹಾಕಿದರೆ ಮೊದಲ ಹಾಳೆಯ ಮಾನ ಮುಂದಿನ ಎಲ್ಲ ಹಾಳೆಗಳಿಗೂ ಅಂಟುತ್ತದೆ. ಬೇರೆ ಸಂಸ್ಥೆಯ ಚಿತ್ರದ ಸಾಂದ್ರತೆ ಬೇರೆಯಾದ್ದರಿಂದ ಅಳತೆಗಳೆಲ್ಲ ಸದ್ದಿಲ್ಲದೆ ಕೆಡುತ್ತವೆ. 12 ಮಿ.ಮೀ. ಅಗಲದ ಕಂಪ್ರೆಸಸ್ ಎಲೆ ವರದಿಯಲ್ಲಿ ಕಂಡರೆ ಕಾರಣ ಬಹುಪಾಲು ಇದೇ.

ಹೊಂದಿಸಿದ ಮೇಲೆ ಅಳತೆಪಟ್ಟಿಯ ಇನ್ನೊಂದು ಭಾಗವನ್ನು ಅಳೆದು ಸರಿ ಬಂತೇ ನೋಡಿ. ಅಳತೆಪಟ್ಟಿಯೇ ಇಲ್ಲದ ಹಾಳೆಯನ್ನು ಆಕಾರ ನೋಡಲು ಮಾತ್ರ ಬಳಸಿ.

## ಹಂತ 4: ಎರಡರಲ್ಲಿ ಒಂದು ಹೌದೇ?

ಎರಡನ್ನು ಬೇರ್ಪಡಿಸುವ ಮೊದಲು, ಮೂರನೆಯದೊಂದು ನುಸುಳಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಕಂಪ್ರೆಸಸ್, ಅಕ್ಯುಟಿಫೋಲಿಯಸ್ ಎರಡಕ್ಕೂ ತೇಲುವ ಎಲೆಯಿಲ್ಲ. ಎಲ್ಲವೂ ನೀರೊಳಗಿನ, ಉದ್ದನೆಯ ಪಟ್ಟಿ ಎಲೆಗಳು. ಎರಡರ ಕಾಂಡವೂ ಹುಟ್ಟಿನಿಂದಲೇ ಚಪ್ಪಟೆ.

ಒತ್ತಿದ ಹಾಳೆಯಲ್ಲಿ ಹುಟ್ಟಿನ ಚಪ್ಪಟೆಯನ್ನು ಗುರುತಿಸುವುದು ಹೇಗೆ? ಕಾಂಡದ ಅಗಲವನ್ನು ಪಕ್ಕದ ಎಲೆಯ ಅಗಲದೊಂದಿಗೆ ಹೋಲಿಸಿ. ಈ ಎರಡರಲ್ಲಿ ಕಾಂಡ ಎಲೆಯ ಅರ್ಧದಷ್ಟಾದರೂ ಅಗಲವಿರುವುದು ಸಾಮಾನ್ಯ. ಬಲಿತ ಕಂಪ್ರೆಸಸ್‌ನಲ್ಲಂತೂ ಕೆಲವೊಮ್ಮೆ ಎಲೆ ಯಾವುದು, ಕಾಂಡ ಯಾವುದು ಎಂದು ತಡಕಾಡುವಂತಾಗುತ್ತದೆ. ಒತ್ತಡದಿಂದ ಚಪ್ಪಟೆಯಾದ ದುಂಡು ಕಾಂಡ ಎಲೆಗಿಂತ ಬಹಳ ಕಿರಿದಾಗಿಯೇ ಉಳಿಯುತ್ತದೆ.

ಮುಂದಿನ ಗುರುತು ಎಲೆಯ ಒಳಗಿನ ನಾರೆಳೆಗಳು. ಮುಖ್ಯ ನಾಳಗಳ ನಡುವೆ ಉದ್ದಕ್ಕೂ ಓಡುವ, ಬಹಳ ತೆಳುವಾದ, ಗಟ್ಟಿ ಕೋಶಗಳ ಗೆರೆಗಳಿವು. ಎರಡೂ ಪ್ರಭೇದಗಳಲ್ಲಿ ಇವು ದಟ್ಟವಾಗಿವೆ. ಜತೆಗೆ ಬರುವ ಎರಡು ಹೋಲುಗಿಡಗಳಲ್ಲಿ ಇವಿಲ್ಲ: ಪೊಟಮೋಗೆಟನ್ ಫ್ರೀಸಿ ಮತ್ತು ಪೊಟಮೋಗೆಟನ್ ಆಬ್ಟುಸಿಫೋಲಿಯಸ್. ಫ್ರೀಸಿಯ ಎಲೆಗೆ ಐದು ನಾಳವಿದ್ದು ಕಾಂಡವೂ ತುಸು ಚಪ್ಪಟೆಯಾದ್ದರಿಂದ ಕಂಪ್ರೆಸಸ್ ಎಂದು ಮೋಸಮಾಡುತ್ತದೆ. ಅದರ ಸ್ಟಿಪ್ಯೂಲ್ ಎಳೆಯದಿದ್ದಾಗ ಕೊಳವೆಯಾಗಿದ್ದು ಆಮೇಲೆ ಸೀಳುತ್ತದೆ. ನಮ್ಮ ಎರಡರಲ್ಲಿ ಮೊದಲಿನಿಂದಲೂ ತೆರೆದಿರುತ್ತದೆ. ಹಾಳೆಯ ಚಿತ್ರದಲ್ಲಿ ಸ್ಟಿಪ್ಯೂಲ್ ಸ್ಪಷ್ಟ ಕಾಣುವುದು ಅಪರೂಪ, ಆದ್ದರಿಂದ ನಾರೆಳೆಯನ್ನೇ ನಂಬಿ. ಪೂರ್ಣ ಗಾತ್ರದ ಚಿತ್ರದಲ್ಲಿ ಎಲೆಯ ಮೈ ಉದ್ದಕ್ಕೆ ಸಣ್ಣಗೆ ಗೀರಿದಂತೆ ಕಂಡರೆ ನಾರೆಳೆ ಇದೆ. ನಯವಾಗಿ, ಮಸುಕಾಗಿ ಕಂಡರೆ ಇಲ್ಲ.

ಈ ಹಂತ ದಾಟದ ಹಾಳೆಯನ್ನು ಮುಂದಕ್ಕೆ ಒಯ್ಯಬೇಡಿ.

## ಹಂತ 5: ಎಲೆಯ ತುದಿ

ಎಲೆಗಳಲ್ಲಿ ಅತಿ ಹೆಚ್ಚು ನಂಬಬಹುದಾದ ಭೇದ ತುದಿಯಲ್ಲಿದೆ. ಅಕ್ಯುಟಿಫೋಲಿಯಸ್‌ನ ಎಲೆ ಮೇಲ್ಭಾಗದಲ್ಲಿ ನಿಧಾನವಾಗಿ ಕಿರಿದಾಗುತ್ತ ಹೋಗಿ ಚೂಪಾಗಿ ಮುಗಿಯುತ್ತದೆ. ಕಂಪ್ರೆಸಸ್‌ನ ಎಲೆ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಅಗಲವಾಗಿ ಬಂದು, ತಟ್ಟನೆ ದುಂಡಗಾಗಿ, ನಡುವಿನಿಂದ ಚಿಕ್ಕ ಮೊನೆ ಹೊರಟು ನಿಲ್ಲುತ್ತದೆ. ಕೆಲವೊಮ್ಮೆ ದುಂಡಗಾಗದೆ ಮೊಟಕಾಗಿ ಚೂಪಾಗುವುದೂ ಉಂಟು. ಆಗಲೂ ಕಿರಿದಾಗುವಿಕೆ ಕೊನೆಯ ಕೆಲವೇ ಮಿ.ಮೀ.ನಲ್ಲಿ ಮುಗಿದಿರುತ್ತದೆ.

ಮೊನೆ ಇದೆಯೇ ಇಲ್ಲವೇ ಎಂದು ಕೇಳಿಕೊಂಡರೆ ತಪ್ಪು ಉತ್ತರ ಬರುತ್ತದೆ, ಏಕೆಂದರೆ ಎರಡರಲ್ಲೂ ಮೊನೆ ಇದೆ. ಕೇಳಬೇಕಾದ್ದು, ಎಲೆ ಕಿರಿದಾಗಲು ಶುರುವಾಗುವುದು ಎಲ್ಲಿಂದ ಎಂದು. ತುದಿಯಿಂದ 10 ಮಿ.ಮೀ. ಕೆಳಗೆ ಒಂದು ಅಗಲ, 2 ಮಿ.ಮೀ. ಕೆಳಗೆ ಇನ್ನೊಂದು ಅಗಲ ಅಳೆಯಿರಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಕಂಪ್ರೆಸಸ್‌ನಲ್ಲಿ ಈ ಅಂಕಿ ಒಂದರ ಕಡೆಗೆ ವಾಲುತ್ತದೆ, ಅಕ್ಯುಟಿಫೋಲಿಯಸ್‌ನಲ್ಲಿ ಬಹಳ ಕೆಳಗಿರುತ್ತದೆ. ಕಣ್ಣಂದಾಜಿನ "ಚೂಪು", "ಮೊಂಡು" ಎಂಬ ವಿವರಣೆಗಿಂತ ಇದು ವರದಿಯಲ್ಲಿ ಎಷ್ಟೋ ಗಟ್ಟಿ.

ಇಲ್ಲಿ ಕೆಡುವ ಬಗೆ ಎರಡು. ಹಳೆಯ ಎಲೆಗಳ ತುದಿ ಮುರಿದಿರುತ್ತದೆ, ಇಲ್ಲವೇ ಹುಳ ತಿಂದಿರುತ್ತದೆ. ಮುರಿದ ಅಕ್ಯುಟಿಫೋಲಿಯಸ್ ಕಂಪ್ರೆಸಸ್‌ನಂತೆ ಕಾಣುತ್ತದೆ. ಮುರಿದ ಅಂಚು ನೇರವಾಗಿ ಅಥವಾ ಹರಕಾಗಿರುತ್ತದೆ, ಮತ್ತು ನಡುನಾಳ ಅಲ್ಲಿ ಮೊನೆಯಿಲ್ಲದೆ ತುಂಡಾಗಿರುತ್ತದೆ. ಎರಡನೆಯದು ಇದರ ತಿರುಗುಮುರುಗು: ಒಣಗಿಸುವಾಗ ತುದಿ ಉದ್ದಕ್ಕೆ ಮಡಚಿಕೊಂಡರೆ ಕಂಪ್ರೆಸಸ್ ಚೂಪಾಗಿ ಕಾಣುತ್ತದೆ. ಮಡಚಿದ ಕಡೆ ಬಣ್ಣ ಎರಡು ಪಟ್ಟು ಗಾಢವಾಗಿರುತ್ತದೆ, ಅದೇ ಸುಳಿವು. ತೀರ ಎಳೆಯ ಕುಡಿಯೆಲೆಯೂ ಬೇಡ, ಕೆಳಗಿನ ಹಣ್ಣೆಲೆಯೂ ಬೇಡ. ಪೂರ್ತಿ ಬಿಚ್ಚಿಕೊಂಡ, ಕಾಂಡದ ನಡುಭಾಗದ ಎಲೆಗಳಲ್ಲಿ ಹಾಳೆಗೆ ಐದರಂತೆ ನೋಡಿ.

## ಹಂತ 6: ನಾಳ ಎಣಿಸಿ, ನಾರೆಳೆ ಬಿಡಿ

"ಎಲೆಗೆ 17 ನಾಳಗಳಿವೆ" ಎಂದು ಬರೆದ ವರದಿ ಬಂದರೆ ಮುಂದೆ ಓದುವ ಅಗತ್ಯವಿಲ್ಲ, ಅವರು ನಾರೆಳೆ ಎಣಿಸಿದ್ದಾರೆ. ನೋಡೋಸಸ್‌ನಲ್ಲಿ ಕಂಡ ಅಡ್ಡ ಮೆಟ್ಟಿಲುಗಳನ್ನು ಇಲ್ಲಿ ನೆನಪಿಸಿಕೊಳ್ಳಿ. ನಿಜವಾದ ನಾಳ ದಪ್ಪ, ಅಡ್ಡ ನಾಳಗಳಿಂದ ಪಕ್ಕದ ನಾಳಕ್ಕೆ ಸೇರಿರುತ್ತದೆ, ತುದಿಯ ಹತ್ತಿರ ನಡುನಾಳದ ಕಡೆಗೆ ಬಾಗುತ್ತದೆ. ನಾರೆಳೆ ಯಾವುದಕ್ಕೂ ಸೇರದೆ ನೇರವಾಗಿ ಓಡುತ್ತದೆ. ಅಡ್ಡ ಕೊಯ್ತದಲ್ಲಿ ನೋಡಿದರೆ ನಾಳದೊಳಗೆ ನೀರು ಸಾಗಿಸುವ ಕೋಶಗಳಿರುತ್ತವೆ, ನಾರೆಳೆಯಲ್ಲಿ ದಪ್ಪ ಗೋಡೆಯ ಕೋಶಗಳ ಸಣ್ಣ ಗುಂಪು ಬಿಟ್ಟರೆ ಏನೂ ಇಲ್ಲ.

ಸರಿಯಾಗಿ ಎಣಿಸಿದರೆ ಅಕ್ಯುಟಿಫೋಲಿಯಸ್‌ಗೆ ಮೂರು ನಾಳ. ಕಂಪ್ರೆಸಸ್‌ಗೆ ಸಾಮಾನ್ಯವಾಗಿ ಐದು, ಕೆಲವು ಎಲೆಗಳಲ್ಲಿ ಮೂರು. ಆದ್ದರಿಂದ ಈ ಗುರುತು ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ: ಐದು ಕಂಡರೆ ಕಂಪ್ರೆಸಸ್ ಎನ್ನಬಹುದು, ಮೂರು ಕಂಡರೆ ಏನನ್ನೂ ಹೇಳಲಾಗದು, ಮುಂದಿನ ಹಂತಕ್ಕೆ ಹೋಗಬೇಕು. ಐದರಲ್ಲಿ ಹೊರಗಿನ ಜೋಡಿ ಎಲೆಯಂಚಿಗೆ ಹತ್ತಿರವಿದ್ದು ತೆಳುವಾಗಿರುವುದರಿಂದ ಕಣ್ತಪ್ಪುವುದು ಸುಲಭ. ಚಿತ್ರದ ಕಾಂಟ್ರಾಸ್ಟ್ ಹೆಚ್ಚಿಸಿ, ಎಲೆಯ ನಡುಭಾಗದಲ್ಲಿ ಎಣಿಸಿ.

## ಹಂತ 7: ತೆನೆ, ತೊಟ್ಟು, ಕಾಯಿ

ತೀರ್ಪು ಕೊಡುವುದು ಈ ಹಂತ. ಹಿಂದಿನವೆಲ್ಲ ಸಾಕ್ಷಿಗಳು ಮಾತ್ರ.

ಅಕ್ಯುಟಿಫೋಲಿಯಸ್‌ನ ತೆನೆ ಚಿಕ್ಕದು, ದುಂಡಗಿನದು, ನಾಲ್ಕರಿಂದ ಎಂಟು ಹೂವಿನದು. ಅದರ ತೊಟ್ಟು ಸುಮಾರು 5–20 ಮಿ.ಮೀ.; ತೆನೆ ಎಲೆಗಳ ನಡುವೆಯೇ ಹುದುಗಿರುತ್ತದೆ. ಕಂಪ್ರೆಸಸ್‌ನ ತೆನೆ ಉದ್ದುದ್ದ, ಹತ್ತರಿಂದ ಇಪ್ಪತ್ತು ಹೂವು. ತೊಟ್ಟು ಸುಮಾರು 28–95 ಮಿ.ಮೀ., ತೆನೆಗಿಂತ ಎರಡು ಪಟ್ಟಾದರೂ ಉದ್ದ. ಹಾಳೆಯನ್ನು ಮಾರು ದೂರದಿಂದ ನೋಡಿದರೂ ಈ ವ್ಯತ್ಯಾಸ ಹೊಳೆಯುತ್ತದೆ.

ತೊಟ್ಟನ್ನು ಗಿಣ್ಣಿನಿಂದ ಕೆಳಗಿನ ಮೊದಲ ಹೂವಿನವರೆಗೆ ಅಳೆಯಬೇಕು. ತೆನೆಯನ್ನೂ ಸೇರಿಸಿ ಅಳೆದು, 20 ಮಿ.ಮೀ. ಮೀರಿತೆಂದು ಅಕ್ಯುಟಿಫೋಲಿಯಸ್ ಅನ್ನು ಕಂಪ್ರೆಸಸ್ ಪಟ್ಟಿಗೆ ಸೇರಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಬಾಗಿದ ತೊಟ್ಟಿಗೆ ನೇರ ಗೆರೆ ಬೇಡ, ಇಮೇಜ್‌ಜೆಯ ಮುರಿಗೆರೆ ಬಳಸಿ. ಇನ್ನೂ ಬಿಚ್ಚಿಕೊಳ್ಳದ ಮೊಗ್ಗಿನ ತೆನೆಯ ತೊಟ್ಟು ಬೆಳೆಯುವುದು ಬಾಕಿಯಿರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕಾಯಿಗೆ ಬಂದರೆ, ಗಾತ್ರ ಬಹಳ ಸಹಾಯ ಮಾಡದು: ಅಕ್ಯುಟಿಫೋಲಿಯಸ್‌ನದು 3–4 ಮಿ.ಮೀ., ಕಂಪ್ರೆಸಸ್‌ನದು 4.5 ಮಿ.ಮೀ.ವರೆಗೆ. ಆಕಾರ ನೋಡಿ. ಅಕ್ಯುಟಿಫೋಲಿಯಸ್‌ನ ಕಾಯಿಯ ಒಳಬದಿಯ ಅಂಚಿನಲ್ಲಿ, ಬುಡದ ಹತ್ತಿರ, ಒಂದು ಪುಟ್ಟ ಹಲ್ಲು ಎದ್ದಿರುತ್ತದೆ, ಕೊಕ್ಕು ಬಾಗಿರುತ್ತದೆ. ಕಂಪ್ರೆಸಸ್‌ಗೆ ಆ ಹಲ್ಲಿಲ್ಲ, ಕೊಕ್ಕು ಮೋಟು. ಬಲಿಯದ ಕಾಯಿ ಒಣಗಿದಾಗ ಸುಕ್ಕಾಗಿ ಎಲ್ಲೆಂದರಲ್ಲಿ ಉಬ್ಬು ಕಾಣಿಸುತ್ತದೆ, ಅದು ಹಲ್ಲಲ್ಲ. ಒಂದೇ ತೆನೆಯ ಎರಡು ಮೂರು ಕಾಯಿಗಳಲ್ಲಿ ಅದೇ ಜಾಗದಲ್ಲಿ ಕಂಡರೆ ಮಾತ್ರ ಬರೆಯಿರಿ.

ಎಲೆ ಒಂದು ಕಡೆಗೆ, ತೆನೆ ಇನ್ನೊಂದು ಕಡೆಗೆ ಎಳೆದರೆ? ಮೊದಲು ಆ ಹಾಳೆಯ ಮೇಲೆ ಎರಡು ಗಿಡಗಳ ತುಂಡುಗಳಿವೆಯೇ ನೋಡಿ. ಜೊತೆಯಲ್ಲಿ ಬೆಳೆದವನ್ನು ಒಟ್ಟಿಗೆ ಒತ್ತಿದ್ದುಂಟು. ಇಲ್ಲವಾದರೆ ಮಿಶ್ರತಳಿಯ ಸಾಧ್ಯತೆಯಿದೆ. ಇವೆರಡರ ಮಿಶ್ರತಳಿಗೆ ಪೊಟಮೋಗೆಟನ್ × ಬಾಂಬರ್ಗೆನ್ಸಿಸ್ ಎಂಬ ಹೆಸರೇ ಇದೆ. ಕಾಯಿ ಕಟ್ಟದೆ ಒಣಗಿದ ತೆನೆ, ಎಲ್ಲ ಅಳತೆಯೂ ನಡುಮಧ್ಯ: ಇವು ಅಂಥದರ ಲಕ್ಷಣ. ಬಲವಂತವಾಗಿ ಯಾವುದೋ ಒಂದು ಹೆಸರು ಕೊಡಬೇಡಿ.

## ಹಂತ 8: ಈಗ ಉದ್ದ, ಅಗಲ

ಎಲೆಯ ಉದ್ದ ಅಗಲಕ್ಕಿಂತ ಸ್ವಲ್ಪ ವಾಸಿ. ಅಕ್ಯುಟಿಫೋಲಿಯಸ್ ಸಾಧಾರಣವಾಗಿ 130 ಮಿ.ಮೀ.ಗಿಂತ ಕಡಿಮೆ, ಕಂಪ್ರೆಸಸ್ 85ರಿಂದ 240 ಮಿ.ಮೀ.ವರೆಗೆ. 85ರಿಂದ 130ರ ನಡುವಿನದು ಎರಡಕ್ಕೂ ಸೇರಿದ ಜಾಗ. ಕೋಷ್ಟಕದಲ್ಲಿ ಸರಾಸರಿಯ ಜತೆ ಕನಿಷ್ಠ, ಗರಿಷ್ಠ ಎರಡನ್ನೂ ಕೊಡಿ. ಹೆಸರು ಹಂತ 5 ಮತ್ತು 7ರಿಂದ ಈಗಾಗಲೇ ನಿರ್ಧಾರವಾಗಿರಬೇಕು, ಈ ಅಂಕಿಗಳು ಅದರ ಪಕ್ಕದಲ್ಲಿ ಕೂರಲಿ ಅಷ್ಟೆ.

ಎರಡೂ ಚಳಿಗಾಲಕ್ಕೆ ಮೊಗ್ಗುಗಡ್ಡೆಯಂಥ ಕುಡಿಗಳನ್ನು ಉದುರಿಸಿ ಬದುಕುತ್ತವೆ. ಅವುಗಳ ಎಲೆ ಗಿಡ್ಡ, ಗಟ್ಟಿ, ಒತ್ತೊತ್ತು. ಅಂಥ ಕುಡಿಯ ಎಲೆ ಅಳೆದರೆ ಇಡೀ ಲೆಕ್ಕ ತಲೆಕೆಳಗು.

## ಹಂತ 9: ನೆಲೆ ಮತ್ತು ಅಪಾಯದ ವರ್ಗ

ನೆಲೆಯನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ. "ಕಾಲುವೆಯಲ್ಲಿ ಸಿಕ್ಕಿದೆ, ಆದ್ದರಿಂದ ಕಂಪ್ರೆಸಸ್" ಎಂದು ಮೊದಲೇ ತೀರ್ಮಾನಿಸಿದವರಿಗೆ ಎಲೆಯ ತುದಿಯೂ ಹಾಗೆಯೇ ಕಾಣತೊಡಗುತ್ತದೆ.

ಬ್ರಿಟನ್ನಿನಲ್ಲಿ ಅಕ್ಯುಟಿಫೋಲಿಯಸ್ ಉಳಿದಿರುವುದು ಬಹುಪಾಲು ದಕ್ಷಿಣ ಮತ್ತು ಪೂರ್ವ ಇಂಗ್ಲೆಂಡಿನ ಹುಲ್ಲುಗಾವಲು ಜೌಗಿನ ಬಸಿಗಾಲುವೆಗಳಲ್ಲಿ: ಸಸೆಕ್ಸ್‌ನ ಅರುನ್ ಕಣಿವೆ, ಪೆವೆನ್ಸಿ ಲೆವೆಲ್ಸ್, ನಾರ್ಫೋಕ್. ಕಂಪ್ರೆಸಸ್ ನಿಧಾನ ನದಿ, ಬಸಿಗಾಲುವೆಗಳ ಜತೆಗೆ ಹಳೆಯ ಸಾಗಾಟದ ಕಾಲುವೆಗಳಲ್ಲೂ ಇದೆ. ಇಂಗ್ಲೆಂಡ್–ವೇಲ್ಸ್ ಗಡಿಯ ಮಾಂಟ್ಗೊಮರಿ ಕಾಲುವೆ ಹೆಸರುವಾಸಿ. ಗ್ರೇಟ್ ಬ್ರಿಟನ್ನಿನ ಕೆಂಪುಪಟ್ಟಿಯಲ್ಲಿ (ಅಳಿವಿನ ಅಪಾಯವನ್ನು ವರ್ಗ ಮಾಡುವ ಪಟ್ಟಿ) ಅಕ್ಯುಟಿಫೋಲಿಯಸ್ ತೀವ್ರ ಅಪಾಯದ ವರ್ಗದಲ್ಲೂ ಕಂಪ್ರೆಸಸ್ ಅಪಾಯದ ವರ್ಗದಲ್ಲೂ ಇವೆ. ಇದು ಆ ದೇಶದ ಮಟ್ಟಿಗಿನ ವರ್ಗ. "ಜಗತ್ತಿನಿಂದಲೇ ಅಳಿಯುತ್ತಿವೆ" ಎಂದು ವರದಿಯಲ್ಲಿ ಬರೆದರೆ ತಪ್ಪು. ಎರಡೂ ಯುರೋಪಿನ ಇತರ ದೇಶಗಳಲ್ಲೂ ಇವೆ.

ಕಾರಣಗಳಲ್ಲಿ ಹೊಲದಿಂದ ಹರಿದು ಬರುವ ಗೊಬ್ಬರದ ಸಾರ ದೊಡ್ಡದು. ನೀರಿನ ಮೇಲೆ ಹಾವಸೆ ಮುಚ್ಚಿ, ಒಳಗಿನ ಗಿಡಕ್ಕೆ ಬೆಳಕು ಸಿಗದು. ಇನ್ನೊಂದು ಕಾರಣವನ್ನು ನಮ್ಮ ವಿದ್ಯಾರ್ಥಿಗಳು ಅರ್ಧ ಮಾತ್ರ ಬರೆಯುತ್ತಾರೆ. ಬಸಿಗಾಲುವೆಯನ್ನು ಹೂಳೆತ್ತದೆ ಬಿಟ್ಟರೆ ಜೊಂಡು ತುಂಬಿ ಈ ಗಿಡಗಳು ಸಾಯುತ್ತವೆ; ಇಡೀ ಕಾಲುವೆಯನ್ನು ಒಮ್ಮೆಗೇ ಬಳಿದರೂ ಸಾಯುತ್ತವೆ. ಬದುಕುವುದು ತುಂಡು ತುಂಡಾಗಿ, ಸರದಿಯ ಮೇಲೆ ಹೂಳೆತ್ತಿದಾಗ. ಸಾಗಾಟದ ಕಾಲುವೆಯದೂ ಅದೇ ಕಥೆ: ದೋಣಿ ಓಡದಿದ್ದರೆ ಹೂಳು, ವಿಪರೀತ ಓಡಿದರೆ ಕಲಕಿದ ನೀರು.

## ವರದಿ ಕೊಡುವ ಮುನ್ನ

ಪ್ರತಿ ಹಾಳೆಗೂ ಸಂಸ್ಥೆಯ ಹೆಸರು, ಬಾರ್‌ಕೋಡ್ ಸಂಖ್ಯೆ, ಸಂಗ್ರಹದ ದಿನಾಂಕ, ಕೊನೆಯ ಚೀಟಿಯ ಹೆಸರು ಬರೆದಿರಬೇಕು. ಅಳೆದ ಎಲೆ ಯಾವುದೆಂದು ಚಿತ್ರದ ಮೇಲೆ ಬಾಣ ಹಾಕಿ ಉಳಿಸಿ. ಪರೀಕ್ಷಕರು ಕೇಳುವುದು ಅದನ್ನೇ. ಹಂತ 2ರಲ್ಲಿ ಪಕ್ಕಕ್ಕಿಟ್ಟ, ಚೀಟಿಗಳು ತಾಳೆಯಾಗದ ಹಾಳೆಗಳನ್ನು ಈಗ ತೆಗೆಯಿರಿ. ಸಹಪಾಠಿಯೊಬ್ಬರಿಗೆ ಚೀಟಿಗಳ ಮೇಲೆ ಬಿಳಿ ಚೌಕ ಮುಚ್ಚಿ ಕೊಡಲು ಹೇಳಿ, ನೀವು ಹಂತ 4ರಿಂದ 7ರವರೆಗೆ ಓದಿ ಹೆಸರು ಹೇಳಿ, ಆಮೇಲೆ ಚೌಕ ತೆಗೆದು ನೋಡಿ. ಕಾಯಿಯಿರುವ ಹಾಳೆಗಳಲ್ಲೇ ತಪ್ಪುತ್ತಿದ್ದರೆ ಹಂತ 7ಕ್ಕೆ ವಾಪಸ್ಸು. ಕಾಯಿ ಇಲ್ಲದ, ತುದಿ ಮುರಿದ, ಮೂರು ನಾಳದ ಹಾಳೆಗೆ "ಕಂಪ್ರೆಸಸ್–ಅಕ್ಯುಟಿಫೋಲಿಯಸ್ ಗುಂಪು, ಪ್ರಭೇದ ನಿರ್ಧಾರವಾಗಿಲ್ಲ" ಎಂದು ಬರೆಯಿರಿ. ಅದಕ್ಕೆ ಅಂಕ ಕಳೆಯುವ ಪರೀಕ್ಷಕರಿಗೆ ಆ ಹಾಳೆಯನ್ನೇ ತೋರಿಸಿ.